ರಿಯಾದ್‌ಗೆ ಹೊರಟ ಮಗಳ ಕಾಗದಕ್ಕೆ ಯಾರ ಸಹಿ?

ಪ್ರಶ್ನೆ: ನಮ್ಮದು ಪುತ್ತೂರು ಹತ್ತಿರದ ಹಳ್ಳಿ. ಮಗಳಿಗೆ 27 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಮದುವೆ ಆಗಿಲ್ಲ. ಈಗ ರಿಯಾದ್‌ನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ನನ್ನ ಭಾವ "ಅಲ್ಲಿ ಗಂಡಸು ಜೊತೆಗಿಲ್ಲದೆ ಹೆಣ್ಣು ಗೇಟು ದಾಟುವ ಹಾಗಿಲ್ಲ" ಅಂತಾರೆ. ದುಬೈಯಲ್ಲಿರುವ ಅಣ್ಣನ ಮಗ "ಅದೆಲ್ಲ ಹಳೇ ಕತೆ, ಈಗ ಹೆಂಗಸರು ಕಾರು ಓಡಿಸ್ತಾರೆ" ಅಂತಾನೆ. ಯಾರ ಮಾತು ನಂಬಲಿ? ಇನ್ನೊಂದು. ಕಾರು ಓಡಿಸುವ ಹಕ್ಕಿಗಾಗಿ ಹೋರಾಡಿದವರನ್ನೇ ಜೈಲಿಗೆ ಹಾಕಿದರು ಅಂತ ಓದಿದೆ. ಸರ್ಕಾರವೇ ಅನುಮತಿ ಕೊಟ್ಟ ಮೇಲೆ ಜೈಲು ಯಾಕೆ?

ಉತ್ತರ: ಅಕ್ಕಾ, ಇಬ್ಬರೂ ಅರ್ಧರ್ಧ ಸರಿ. ನಿಮ್ಮ ಭಾವನವರು ಹೇಳುತ್ತಿರುವುದು ನಾನು ನೋಡಿದ ಸೌದಿ. ನಾನು 1996ರಿಂದ 2011ರವರೆಗೆ ರಿಯಾದ್‌ನಲ್ಲಿ ನರ್ಸ್ ಆಗಿದ್ದೆ. ಆಗಲೂ ನಮ್ಮಂಥವರು ಗಂಡಸಿನ ಜೊತೆ ಬಂದವರಲ್ಲ. ನನ್ನ ಹಾಸ್ಟೆಲಿನಲ್ಲಿ ಕೇರಳದವರು, ಫಿಲಿಪ್ಪೀನ್ಸ್‌ನವರು, ನಮ್ಮ ಕಡೆಯವರು ಎಲ್ಲ ಇದ್ದರು. ಎಲ್ಲರೂ ಒಬ್ಬೊಬ್ಬರೇ ಬಂದವರು. ವಾರಕ್ಕೆರಡು ಸಲ ಆಸ್ಪತ್ರೆ ಬಸ್ಸು ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿತ್ತು, ಹೇಳಿದ ಹೊತ್ತಿಗೆ ವಾಪಸ್ ಹತ್ತಬೇಕು. ಗೇಟಿನಲ್ಲಿ ರಿಜಿಸ್ಟರ್ ಇತ್ತು. ಆದರೆ ಆ ರಿಜಿಸ್ಟರಿನ ಹಿಂದೆ ಇದ್ದದ್ದು ನಮ್ಮ ಅಪ್ಪನೂ ಅಲ್ಲ, ಅಣ್ಣನೂ ಅಲ್ಲ. ನಮಗೆ ವೀಸಾ ಕೊಟ್ಟ ಮಾಲೀಕ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಊರಲ್ಲಿ ಎರಡು ಬೇರೆ ಬೇರೆ ವಿಷಯವನ್ನು ಒಂದೇ ಮಾಡಿ ಮಾತಾಡುತ್ತಾರೆ. ಸೌದಿ ಹೆಂಗಸಿಗೆ ಇರುವವನು 'ವಲಿ', ಅಂದರೆ ಅವಳ ಪರವಾಗಿ ನಿಲ್ಲುವ ಗಂಡಸು. ಅಪ್ಪ, ಮದುವೆಯಾದ ಮೇಲೆ ಗಂಡ, ಅವರಿಲ್ಲದಿದ್ದರೆ ಅಣ್ಣನೋ ತಮ್ಮನೋ, ಕೊನೆಗೆ ಮಗ. ಹೊರಗಿನಿಂದ ಕೆಲಸಕ್ಕೆ ಹೋದವರಿಗೆ ಇರುವವನು 'ಕಫೀಲ್', ಅಂದರೆ ವೀಸಾ ಕೊಟ್ಟವನು. ಅವನ ಹಿಡಿತ ಗಂಡಸರ ಮೇಲೂ ಇರುತ್ತದೆ. ನಿಮ್ಮ ಮಗಳ ವಿಷಯಕ್ಕೆ ಬರುವವನು ಈ ಎರಡನೆಯವನು. ಆದರೆ ನೀವು ಕೇಳಿದ ಜೈಲಿನ ಕತೆ ಮೊದಲನೆಯವನಿಗೆ ಸೇರಿದ್ದು. ಅದನ್ನೇ ಮೊದಲು ಹೇಳುತ್ತೇನೆ.

ಬುರ್ಖಾ, ಅಬಾಯಾ (ಬಟ್ಟೆಯ ಮೇಲೆ ಹಾಕುವ ಸಡಿಲ ನಿಲುವಂಗಿ) ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದು ಕಣ್ಣಿಗೆ ಕಾಣುತ್ತದಲ್ವಾ. ನನಗೆ ಅಲ್ಲಿ ನಿಜವಾಗಿ ಅರ್ಥವಾದದ್ದು ಒಂದು ಪೆನ್ನಿನಿಂದ. 2003 ಇರಬೇಕು. ಒಬ್ಬ ಟೀಚರ್ ನಮ್ಮ ವಾರ್ಡಿಗೆ ಸೇರಿದ್ದರು. ಪಿತ್ತಕೋಶದಲ್ಲಿ ಕಲ್ಲು. ನಲವತ್ತೈದರ ಆಸುಪಾಸು, ಗಂಡ ತೀರಿಕೊಂಡಿದ್ದರು. ಆಪರೇಷನ್‌ಗೆ ಎಲ್ಲ ತಯಾರಿ ಆಗಿದೆ, ಒಪ್ಪಿಗೆ ಪತ್ರಕ್ಕೆ ಸಹಿ ಮಾತ್ರ ಬಾಕಿ. ನಿಯಮ ನೋಡಿದರೆ ಪ್ರಾಯಕ್ಕೆ ಬಂದ ಹೆಂಗಸು ತನ್ನ ಆಪರೇಷನ್‌ಗೆ ತಾನೇ ಸಹಿ ಹಾಕಬಹುದಿತ್ತು. ಆದರೆ ನಾಳೆ ಯಾರಾದರೂ ಗಂಡಸು ಬಂದು ಗಲಾಟೆ ಮಾಡಿದರೆ ಅನ್ನುವ ಹೆದರಿಕೆ ಆಡಳಿತದವರಿಗೆ. ಹಾಗಾಗಿ ವಲಿಯ ಸಹಿ ಕೇಳುತ್ತಿದ್ದರು. ತಮ್ಮ ದೂರದ ಊರಲ್ಲಿದ್ದ. ಕೊನೆಗೆ ಕಾಲೇಜು ಓದುತ್ತಿದ್ದ ಹತ್ತೊಂಬತ್ತರ ಮಗನಿಗೆ ಫೋನು ಹೋಯಿತು. ಸಂಜೆ ನಮಾಜು ಮುಗಿದ ಮೇಲೆ ಬಂದ. ಫುಟ್‌ಬಾಲ್ ಜೆರ್ಸಿ, ಕೈಯಲ್ಲಿ ಕಾರಿನ ಕೀ. ಕಾಗದ ಕೊಟ್ಟರೆ ಎಲ್ಲಿ ಸಹಿ ಹಾಕಬೇಕು ಅಂತಲೇ ಅವನಿಗೆ ಗೊತ್ತಾಗಲಿಲ್ಲ. ತಾಯಿ ಹಾಸಿಗೆಯಿಂದ ಕೈ ಚಾಚಿ ಬೆರಳಿಟ್ಟು ತೋರಿಸಿದರು. "ಅಲ್ಲಲ್ಲ, ಕೆಳಗಿನ ಗೆರೆ ಮೇಲೆ."

ಪಾಸ್‌ಪೋರ್ಟಿಗೂ ಇದೇ ಕತೆ, ವಿಮಾನ ಹತ್ತುವುದಕ್ಕೂ ಇದೇ. ಮೊದಲು ಒಂದು ಹಳದಿ ಕಾಗದ ಇತ್ತು, ವಲಿ ಸಹಿ ಹಾಕಿದ ಅನುಮತಿ ಪತ್ರ. ಆಮೇಲೆ ಅದು 'ಅಬ್ಶಿರ್' ಅನ್ನುವ ಸರ್ಕಾರಿ ಆ್ಯಪ್‌ಗೆ ಹೋಯಿತು. ಗಂಡಸು ಮನೆಯಲ್ಲಿ ಕೂತು ಒಂದು ಗುಂಡಿ ಒತ್ತಿದರೆ ಹೆಂಡತಿಗೆ ದೇಶ ಬಿಡುವ ಅನುಮತಿ, ಇನ್ನೊಂದು ಗುಂಡಿ ಒತ್ತಿದರೆ ರದ್ದು. 2012ರಲ್ಲಂತೂ ಮನೆಯ ಹೆಂಗಸು ಗಡಿ ದಾಟಿದ ಕೂಡಲೇ ವಲಿಯ ಮೊಬೈಲಿಗೆ ಮೆಸೇಜು ಹೋಗತೊಡಗಿತು. ಸರಕು ತಲುಪಿದೆ ಅಂತ ಕೊರಿಯರ್‌ನವರು ಕಳಿಸುತ್ತಾರಲ್ಲ, ಹಾಗೆ.

ಇದೆಲ್ಲ ಧರ್ಮದಲ್ಲೇ ಇದೆಯಾ ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಭಾವ ಕೇಳಿಯೇ ಕೇಳುತ್ತಾರೆ. ಮದುವೆಗೆ ವಲಿ ಬೇಕು, ದೂರ ಪ್ರಯಾಣಕ್ಕೆ ಹತ್ತಿರದ ಬಂಧು ಜೊತೆಗಿರಬೇಕು ಅನ್ನುವ ಮಾತು ಹಳೆಯ ಧರ್ಮಶಾಸ್ತ್ರದಲ್ಲಿ ಇದೆ. ಎಲ್ಲ ಪಂಡಿತರದ್ದೂ ಒಂದೇ ಅಭಿಪ್ರಾಯ ಅಲ್ಲ. ಹನಫಿ ಪಂಥದಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ತಾನೇ ಮದುವೆ ಒಪ್ಪಂದ ಮಾಡಿಕೊಳ್ಳಬಹುದು ಅನ್ನುತ್ತಾರೆ. ಆದರೆ ಪಾಸ್‌ಪೋರ್ಟ್ ಅರ್ಜಿ, ಆ್ಯಪ್, ಮೊಬೈಲ್ ಮೆಸೇಜು, ಇವು ಯಾವ ಶಾಸ್ತ್ರದಲ್ಲಿ ಇರಲಿಕ್ಕೆ ಸಾಧ್ಯ? ಅವು ಕಚೇರಿಯಲ್ಲಿ ಕೂತವರು ಮಾಡಿದ್ದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಸೌದಿ ಡಾಕ್ಟರಮ್ಮ ಒಬ್ಬರು ತುಂಬಾ ದೈವಭಕ್ತೆ, ಐದು ಹೊತ್ತೂ ನಮಾಜು ಬಿಟ್ಟವರಲ್ಲ. ಅವರು ನಗುತ್ತಾ ಹೇಳುತ್ತಿದ್ದರು: "ಪ್ರವಾದಿಯವರ ಮೊದಲ ಹೆಂಡತಿ ಖದೀಜಾ ವ್ಯಾಪಾರ ಮಾಡುತ್ತಿದ್ದರು. ಆಯಿಷಾ ಒಂಟೆ ಮೇಲೆ ಕೂತು ಯುದ್ಧಕ್ಕೆ ಹೋಗಿದ್ದರು. ನನಗೆ ಟೊಯೊಟಾ ಕೊಡುವುದಿಲ್ಲ."

ಕಾರಿನ ವಿಷಯ ವಿಚಿತ್ರ. ಹೆಂಗಸರು ಓಡಿಸಬಾರದು ಅಂತ ಕಾನೂನಿನ ಪುಸ್ತಕದಲ್ಲಿ ಇರಲೇ ಇಲ್ಲ. ಲೈಸೆನ್ಸ್ ಕೊಡುತ್ತಿರಲಿಲ್ಲ, ಅಷ್ಟೇ. ಹಾಗಾಗಿ ಮನೆಮನೆಗೂ ಹೊರದೇಶದ ಡ್ರೈವರ್. ನಮ್ಮ ಕರಾವಳಿಯಿಂದ 'ಹೌಸ್ ಡ್ರೈವರ್' ವೀಸಾದಲ್ಲಿ ಹೋದ ಹುಡುಗರು ನಿಮ್ಮ ಊರಲ್ಲೂ ಇರುತ್ತಾರೆ, ವಿಚಾರಿಸಿ. ಪರಗಂಡಸಿನ ಜೊತೆ ಒಂಟಿಯಾಗಿ ಇರಬಾರದು ಅನ್ನುವ ನಾಡಿನಲ್ಲಿ, ಪರಗಂಡಸು ಓಡಿಸುವ ಕಾರಿನಲ್ಲಿ ಒಂಟಿ ಹೆಂಗಸು ದಿನಾ ಸ್ಕೂಲಿಗೆ ಹೋಗಬೇಕು. ಟೀಚರ್ ಸಂಬಳದಲ್ಲಿ ದೊಡ್ಡ ಪಾಲು ಆ ಡ್ರೈವರ್‌ಗೇ ಹೋಗುತ್ತಿತ್ತು.

ಇದನ್ನು ಮೊದಲು ಬಹಿರಂಗವಾಗಿ ಪ್ರಶ್ನಿಸಿದ್ದು 1990ರ ನವೆಂಬರ್ 6ರಂದು. ಇರಾಕ್ ಕುವೈತ್‌ಗೆ ನುಗ್ಗಿದ್ದ ಸಮಯ. ಅಮೆರಿಕದ ಸೈನ್ಯ ಸೌದಿಯಲ್ಲಿತ್ತು, ಅದರ ಹೆಂಗಸರು ಜೀಪು ಓಡಿಸುವುದನ್ನು ಊರೇ ನೋಡುತ್ತಿತ್ತು. ಆ ದಿನ ರಿಯಾದ್‌ನಲ್ಲಿ 47 ಹೆಂಗಸರು 14 ಕಾರುಗಳಲ್ಲಿ ಸಾಲಾಗಿ ಹೊರಟರು. ಡ್ರೈವರ್‌ಗಳನ್ನು ಇಳಿಸಿ ತಾವೇ ಚಕ್ರ ಹಿಡಿದರು. ಪೊಲೀಸರು ತಡೆದರು. ಕೆಲಸದಲ್ಲಿದ್ದವರು ಕೆಲಸ ಕಳೆದುಕೊಂಡರು, ಪಾಸ್‌ಪೋರ್ಟ್ ಕಿತ್ತುಕೊಂಡರು, ಮಸೀದಿಗಳಲ್ಲಿ ಅವರ ಹೆಸರು ಹಿಡಿದು ಬೈದರು. ನಾನು ಹೋಗಿದ್ದು ಆರು ವರ್ಷದ ನಂತರ. ಆಗಲೂ ಆ ಮಾತು ಎತ್ತಿದರೆ ಸೌದಿ ಸಹೋದ್ಯೋಗಿಗಳು ಬಾಗಿಲ ಕಡೆ ನೋಡುತ್ತಿದ್ದರು.

ಇಷ್ಟು ಬಿಗಿ ಯಾವಾಗಲೂ ಇರಲಿಲ್ಲ ಅಂತ ಅಲ್ಲಿನ ಹಿರಿಯರು ಹೇಳುತ್ತಾರೆ. 1979ರ ನವೆಂಬರಿನಲ್ಲಿ ಜುಹೈಮಾನ್ ಅನ್ನುವ ಧಾರ್ಮಿಕ ಉಗ್ರವಾದಿಯ ಗುಂಪು ಮಕ್ಕಾದ ದೊಡ್ಡ ಮಸೀದಿಯನ್ನೇ ಹಿಡಿದುಕೊಂಡಿತು. ಅದನ್ನು ಬಿಡಿಸಿಕೊಂಡ ಮೇಲೆ ರಾಜಮನೆತನ ಧರ್ಮಪಂಡಿತರಿಗೆ ಇನ್ನಷ್ಟು ಅಧಿಕಾರ ಬಿಟ್ಟುಕೊಟ್ಟಿತು. ಅದರ ಬೆಲೆ ತೆತ್ತವರು ಹೆಚ್ಚಾಗಿ ಹೆಂಗಸರು. 2002ರ ಮಾರ್ಚಿನಲ್ಲಿ ಮಕ್ಕಾದ ಹೆಣ್ಣುಮಕ್ಕಳ ಶಾಲೆಗೆ ಬೆಂಕಿ ಬಿತ್ತು. 15 ಹುಡುಗಿಯರು ಸತ್ತರು. ಅಬಾಯಾ ಹಾಕಿಲ್ಲ ಅಂತ ಧರ್ಮ ಪೊಲೀಸರು ಅವರನ್ನು ಹೊರಗೆ ಬಿಡಲಿಲ್ಲ ಅಂತ ಸೌದಿ ಪತ್ರಿಕೆಗಳೇ ಬರೆದವು. ನಾವೆಲ್ಲ ಆ ದಿನ ವಾರ್ಡಿನಲ್ಲಿ ಮಾತಿಲ್ಲದೆ ಕೆಲಸ ಮಾಡಿದೆವು. ಆಮೇಲೆ ಹೆಣ್ಣುಮಕ್ಕಳ ಶಾಲೆಗಳನ್ನು ಧಾರ್ಮಿಕ ಇಲಾಖೆಯಿಂದ ತೆಗೆದು ಶಿಕ್ಷಣ ಸಚಿವಾಲಯಕ್ಕೆ ಕೊಟ್ಟರು.

ಈಗ ಜೈಲಿನ ಪ್ರಶ್ನೆಗೆ ಬರೋಣ. 2011ರಲ್ಲಿ ಮನಾಲ್ ಅಲ್ ಶರೀಫ್ ಅನ್ನುವವರು ಖೋಬರ್‌ನಲ್ಲಿ ಕಾರು ಓಡಿಸಿ ವಿಡಿಯೊ ಹಾಕಿದರು, ಒಂಬತ್ತು ದಿನ ಜೈಲು. 2014ರಲ್ಲಿ ಲುಜೈನ್ ಅಲ್ ಹತ್ಲೂಲ್ ಅಬುಧಾಬಿ ಕಡೆಯಿಂದ ತಾನೇ ಕಾರು ಓಡಿಸಿಕೊಂಡು ಸೌದಿ ಗಡಿಗೆ ಬಂದರು, 73 ದಿನ ಒಳಗಿಟ್ಟರು. 2016ರಲ್ಲಿ "ನನಗೆ ನಾನೇ ವಲಿ" ಅನ್ನುವ ಘೋಷಣೆ ಹುಟ್ಟಿತು. ವಲಿ ಪದ್ಧತಿ ತೆಗೆಯಿರಿ ಅಂತ 14,000ಕ್ಕೂ ಜಾಸ್ತಿ ಸಹಿ ಇದ್ದ ಮನವಿಯನ್ನು ನಿವೃತ್ತ ಪ್ರಾಧ್ಯಾಪಕಿ ಅಜೀಜಾ ಅಲ್ ಯೂಸುಫ್ ಅರಮನೆಯ ಕಚೇರಿಗೆ ಒಯ್ದರು. ತಮ್ಮ ಕಾಗದಕ್ಕೆ ತಾವೇ ಸಹಿ ಹಾಕುವ ಹಾಗಿಲ್ಲದವರು ಅಷ್ಟೊಂದು ಸಹಿ ಕೂಡಿಸಿದ್ದರು ನೋಡಿ.

2017ರ ಸೆಪ್ಟೆಂಬರಿನಲ್ಲಿ ರಾಜಾಜ್ಞೆ ಬಂತು. 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸಬಹುದು. ಆದರೆ ಅದಕ್ಕೆ ಒಂದು ತಿಂಗಳ ಮುಂಚೆ, ಮೇ ತಿಂಗಳಲ್ಲಿ, ಲುಜೈನ್, ಅಜೀಜಾ ಮತ್ತು ಇನ್ನೂ ಹಲವರನ್ನು ಹಿಡಿದರು. ಸರ್ಕಾರದ ಪರವಾಗಿದ್ದ ಮಾಧ್ಯಮದಲ್ಲಿ ಅವರ ಫೋಟೊ ಮೇಲೆ ದೇಶದ್ರೋಹಿ ಅಂತ ಮೊಹರು ಹಾಕಿ ತೋರಿಸಿದರು. ಜೈಲಿನಲ್ಲಿ ತನಗೆ ಹಿಂಸೆ ಕೊಟ್ಟರು ಅಂತ ಲುಜೈನ್ ಹೇಳಿದರು, ಸರ್ಕಾರ ಅಲ್ಲಗಳೆಯಿತು. 1,001 ದಿನ ಕಳೆದು 2021ರ ಫೆಬ್ರವರಿಯಲ್ಲಿ ಹೊರಬಂದರು, ದೇಶ ಬಿಡುವ ಹಾಗಿಲ್ಲ ಅನ್ನುವ ಷರತ್ತಿನ ಮೇಲೆ.

ಯಾಕೆ ಅಂತ ಕೇಳಿದಿರಿ. ನನಗೆ ಅನಿಸುವುದು ಇಷ್ಟು. ಹಕ್ಕು ಅಂತ ಕೇಳಿ ಪಡೆದರೆ ನಾಳೆ ಇನ್ನೊಂದು ಕೇಳುತ್ತಾರೆ. ದೊರೆ ಮನಸ್ಸು ಮಾಡಿ ಕೊಟ್ಟರು ಅಂದರೆ ಸುಮ್ನೆ ಕೈಮುಗಿದು ತೆಗೆದುಕೊಳ್ಳಬೇಕು. ಆ ರಾಜ್ಯಕ್ಕೆ ಎರಡನೆಯದೇ ಬೇಕಿತ್ತು. ಕೊಡುವ ಗರಜು ಅದಕ್ಕೂ ಇತ್ತು ಅನ್ನಿ. 2014ರಲ್ಲಿ ಎಣ್ಣೆ ಬೆಲೆ ಬಿತ್ತು, ಒಬ್ಬನ ದುಡಿಮೆಯಲ್ಲಿ ಸಂಸಾರ ನಡೆಯುವ ಕಾಲ ಮುಗಿಯುತ್ತಾ ಬಂತು. 2016ರ 'ವಿಷನ್ 2030' ಯೋಜನೆಯಲ್ಲಿ ದುಡಿಯುವ ಹೆಂಗಸರ ಪಾಲು 22ರಿಂದ ಶೇಕಡಾ 30ಕ್ಕೆ ಏರಬೇಕು ಅಂತ ಬರೆದಿದ್ದರು. ಆ ಗುರಿ ಅವಧಿಗೆ ಎಷ್ಟೋ ವರ್ಷ ಮುಂಚೆಯೇ ದಾಟಿತು. ಅಂದರೆ ಹುಡುಗಿಯರು ಬಾಗಿಲ ಹಿಂದೆ ಕಾಯುತ್ತಾ ನಿಂತಿದ್ದರು. ಅಂಗಡಿ ಕೌಂಟರ್, ಬ್ಯಾಂಕ್, ವಿಮಾನ ನಿಲ್ದಾಣ, ಈಗ ಎಲ್ಲ ಕಡೆ ಸೌದಿ ಹುಡುಗಿಯರಿದ್ದಾರೆ. ನಾನಿದ್ದಾಗ ಒಳ ಉಡುಪಿನ ಅಂಗಡಿಯಲ್ಲೂ ಗಂಡಸರೇ ಅಳತೆ ಕೇಳುತ್ತಿದ್ದರು, ನಂಬ್ತೀರಾ!

2019ರ ಜನವರಿಯಲ್ಲಿ ರಹಾಫ್ ಅನ್ನುವ 18ರ ಹುಡುಗಿ ಮನೆಯವರಿಂದ ತಪ್ಪಿಸಿಕೊಂಡು ಬ್ಯಾಂಕಾಕ್‌ನ ಹೋಟೆಲ್ ಕೋಣೆಯಲ್ಲಿ ಬಾಗಿಲಿಗೆ ಸಾಮಾನು ಒಡ್ಡಿ ಕೂತು, ಫೋನಿನಿಂದಲೇ ಜಗತ್ತಿಗೆ ಸುದ್ದಿ ಮುಟ್ಟಿಸಿದಳು. ಕೆನಡಾ ಆಶ್ರಯ ಕೊಟ್ಟಿತು. ಅಬ್ಶಿರ್ ಆ್ಯಪ್ ಮೇಲೂ ಎಲ್ಲ ಕಡೆ ಟೀಕೆ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಕಾನೂನು ಬದಲಾಯಿತು. 21 ತುಂಬಿದ ಸೌದಿ ಹೆಂಗಸು ಯಾರ ಒಪ್ಪಿಗೆಯೂ ಇಲ್ಲದೆ ಪಾಸ್‌ಪೋರ್ಟ್ ಮಾಡಿಸಬಹುದು, ದೇಶ ಬಿಟ್ಟು ಹೋಗಬಹುದು. ಮಗುವಿನ ಜನನ ತಾನೇ ನೋಂದಾಯಿಸಬಹುದು.

ಹಾಗಾದರೆ ನಿಮ್ಮ ಅಣ್ಣನ ಮಗ ಪೂರ್ತಿ ಸರಿಯಾ? ಇಲ್ಲ. 2022ರಲ್ಲಿ ಸೌದಿ ಮೊದಲ ಸಲ ಕುಟುಂಬ ಕಾನೂನನ್ನು ಬರೆದು ಪ್ರಕಟಿಸಿತು. ಅಲ್ಲಿಯವರೆಗೆ ಪ್ರತಿ ನ್ಯಾಯಾಧೀಶನೂ ತನಗೆ ತೋಚಿದ ಹಾಗೆ ತೀರ್ಪು ಕೊಡುತ್ತಿದ್ದ, ಹಾಗಾಗಿ ಬರವಣಿಗೆಯಲ್ಲಿ ಬಂದದ್ದೇ ಒಂದು ಲಾಭ. ಆದರೆ ಬರೆಯುವಾಗ ಹಳೆಯದನ್ನೂ ಜೊತೆಗೆ ಗಟ್ಟಿ ಮಾಡಿಬಿಟ್ಟರು. ಹೆಣ್ಣಿಗೆ ಎಷ್ಟೇ ವಯಸ್ಸಾಗಿರಲಿ, ಮದುವೆ ಒಪ್ಪಂದ ಅವಳ ವಲಿಯೇ ಮಾಡಿಕೊಡಬೇಕು. ಗಂಡಿಗೆ ಆ ಕಟ್ಟು ಇಲ್ಲ. ಸುಮ್ಮಸುಮ್ಮನೆ ವಲಿ ಅಡ್ಡ ನಿಂತರೆ ಕೋರ್ಟಿಗೆ ಹೋಗಬಹುದು, ಆದರೆ ಅಪ್ಪನ ಮೇಲೆ ಕೇಸು ಹಾಕಿ ಮದುವೆ ಆಗುವುದು ಎಷ್ಟು ಜನರ ಕೈಲಿ ಆಗುತ್ತದೆ? ಸಕಾರಣ ಇಲ್ಲದೆ ಗಂಡನ ಮನೆಯಲ್ಲಿ ಇರಲು ಒಪ್ಪದ ಹೆಂಡತಿ ಜೀವನಾಂಶ ಕಳೆದುಕೊಳ್ಳುತ್ತಾಳೆ. ವಿಚ್ಛೇದನ ಆದ ಮೇಲೆ ಮಗುವನ್ನು ಸಾಕುವವಳು ತಾಯಿ, ಕಾನೂನಿನ ಪ್ರಕಾರ ಪೋಷಕ ಅಪ್ಪ. ನನ್ನ ಹಳೆಯ ವಾರ್ಡಿನ ಟೀಚರ್ ಇವತ್ತು ತಾವೇ ಕಾರು ಓಡಿಸಿಕೊಂಡು ಏರ್‌ಪೋರ್ಟಿಗೆ ಹೋಗಿ ವಿಮಾನ ಹತ್ತಬಹುದು. ಮತ್ತೆ ಮದುವೆ ಆಗಬೇಕು ಅನಿಸಿದರೆ ಮಾತ್ರ ಈಗಲೂ ಒಬ್ಬ ಗಂಡಸನ್ನು ಹುಡುಕಿ ಕರೆತರಬೇಕು.

ಇದನ್ನು ಓದಿ ಭಾವನವರು "ನೋಡಿದಿರಾ" ಅಂತ ಮೀಸೆ ತಿರುವುವುದು ಬೇಡ. ನಮ್ಮಲ್ಲೂ 1956ರ ಹಿಂದೂ ಪೋಷಕತ್ವ ಕಾಯ್ದೆಯಲ್ಲಿ ಮಗುವಿನ ಸಹಜ ಪೋಷಕ ತಂದೆ, "ಅವನ ನಂತರ" ತಾಯಿ ಅಂತಲೇ ಇದೆ. ಮಗನ ಹೆಸರಿಗೆ ಬಾಂಡ್ ಕೊಳ್ಳಲು ಹೋದ ತಾಯಿಗೆ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತ್ತು. ಗೀತಾ ಹರಿಹರನ್ ಪ್ರಕರಣ ಅಂತಲೇ ಹೆಸರಾಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಸಾಲಿಗೆ ಬೇರೆ ಅರ್ಥ ಹೇಳಿದ ಮೇಲೆಯೇ ತಾಯಿಯ ಸಹಿಗೆ ಬೆಲೆ ಬಂದದ್ದು.

ಎಲ್ಲ ಮುಸ್ಲಿಂ ದೇಶವೂ ಸೌದಿ ಅಲ್ಲ ಅನ್ನುವುದನ್ನೂ ಹೇಳಿಬಿಡಿ. ಟುನೀಶಿಯಾ 1956ರಲ್ಲೇ ಬಹುಪತ್ನಿತ್ವ ನಿಷೇಧಿಸಿತು. ಇನ್ನೊಂದು ತುದಿಯಲ್ಲಿ ಅಫ್ಘಾನಿಸ್ತಾನ. ಅಲ್ಲಿ 2021ರಿಂದ ಹುಡುಗಿಯರಿಗೆ ಆರನೇ ಕ್ಲಾಸಿನ ಮೇಲೆ ಶಾಲೆ ಇಲ್ಲ. 2024ರ ಡಿಸೆಂಬರಿನಲ್ಲಿ ತಾಲಿಬಾನ್ ನರ್ಸಿಂಗ್, ಸೂಲಗಿತ್ತಿ ತರಬೇತಿಯನ್ನೂ ಹೆಂಗಸರಿಗೆ ಮುಚ್ಚಿತು. ಹೆಂಗಸರನ್ನು ಗಂಡು ಡಾಕ್ಟರ್ ಮುಟ್ಟಬಾರದು ಅನ್ನುವವರೇ ಹೀಗೆ ಮಾಡಿದರೆ ಹೆರಿಗೆ ಮಾಡಿಸುವವರು ಯಾರು? ನರ್ಸ್ ಆಗಿ ನನಗೆ ಅತಿ ಜಾಸ್ತಿ ಸಿಟ್ಟು ಬಂದ ಸುದ್ದಿ ಅದು.

ಸರಿ, ಈಗ ನಿಮ್ಮ ಮಗಳು. ಅವಳಿಗೆ ಅಪ್ಪನ ಸಹಿ ಬೇಡ, ಜೊತೆಗೆ ಗಂಡಸು ಬೇಡ. ತಲೆ ಮುಚ್ಚಲೇಬೇಕು ಅಂತ ಇಲ್ಲ. ಮೈ ಮುಚ್ಚುವ ಸಡಿಲ ಬಟ್ಟೆ ಸಾಕು, ಅಬಾಯಾ ಬೇಕಾದರೆ ಹಾಕಬಹುದು. ಬೀದಿಯಲ್ಲಿ ಕೋಲು ಹಿಡಿದು ಬರುತ್ತಿದ್ದ ಧರ್ಮ ಪೊಲೀಸರಿಗೆ 2016ರಿಂದ ಬಂಧಿಸುವ ಅಧಿಕಾರ ಇಲ್ಲ. ಕಿರುಕುಳ ಕೊಡುವವರಿಗೆ 2018ರ ಕಾನೂನಿನಲ್ಲಿ ಜೈಲು ಇದೆ.

ನೋಡಬೇಕಾದ್ದು ಕಫೀಲ್‌ನ ಸಹಿ. ಮೊದಲು ಅವನು ಕಾಗದ ಕೊಡದೆ ರಜೆಗೂ ಊರಿಗೆ ಬರುವ ಹಾಗಿರಲಿಲ್ಲ. ನನ್ನ ಅಪ್ಪ ತೀರಿಕೊಂಡಾಗ ನನ್ನ ಎಕ್ಸಿಟ್ ರೀಎಂಟ್ರಿಗೆ, ಅಂದರೆ ದೇಶ ಬಿಟ್ಟು ಹೋಗಿ ಬರುವ ಅನುಮತಿಗೆ, ಸಹಿ ಹಾಕಬೇಕಾದವರು ವಾರಾಂತ್ಯದ ರಜೆಯಲ್ಲಿದ್ದರು. ಊರು ಮುಟ್ಟುವಷ್ಟರಲ್ಲಿ ಮೂರನೇ ದಿನ. 2021ರ ಮಾರ್ಚಿನಿಂದ ಖಾಸಗಿ ಕಂಪನಿ ಕೆಲಸಗಾರರು ಅಬ್ಶಿರ್‌ನಲ್ಲಿ ತಾವೇ ಅದನ್ನು ಪಡೆಯಬಹುದು, ಮಾಲೀಕನಿಗೆ ಬರೀ ತಿಳಿವಳಿಕೆ ಹೋಗುತ್ತದೆ. ಷರತ್ತಿಗೆ ಒಳಪಟ್ಟು ಕೆಲಸ ಬದಲಿಸಲೂಬಹುದು. ಹೌದು, ಅದೇ ಅಬ್ಶಿರ್. ಆದರೆ ಮನೆಗೆಲಸದವರಿಗೆ, ಹೌಸ್ ಡ್ರೈವರ್‌ಗಳಿಗೆ ಆ ಬದಲಾವಣೆ ಅನ್ವಯಿಸಲಿಲ್ಲ. ಹಾಗಾಗಿ ಮಗಳ ವೀಸಾದಲ್ಲಿ ಹುದ್ದೆ ನರ್ಸ್ ಅಂತಲೇ ಇರಬೇಕು. "ಈಗ ಬೇರೆ ವೀಸಾದಲ್ಲಿ ಹೋಗಲಿ, ಆಮೇಲೆ ಬದಲಿಸೋಣ" ಅಂತ ಏಜೆಂಟ್ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಅವನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ನೋಡಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ನಮ್ಮ ನಿಯಮದಲ್ಲಿ 30,000 ರೂಪಾಯಿ ಮಿತಿ ಇದೆ, ಜಿಎಸ್‌ಟಿ ಬೇರೆ. ಕೆಲಸದ ಒಪ್ಪಂದ ಸೌದಿ ಸರ್ಕಾರದ 'ಕಿವಾ' ಪೋರ್ಟಲ್‌ನಲ್ಲಿ ದಾಖಲಾಗಬೇಕು. ಪಾಸ್‌ಪೋರ್ಟ್ ಅವಳ ಪೆಟ್ಟಿಗೆಯಲ್ಲೇ ಇರಬೇಕು, ಮಾಲೀಕ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೂ ವಿರುದ್ಧ.

ಎರಡು ಮಾತು ಮಗಳ ಹತ್ತಿರವೇ ಮುಚ್ಚುಮರೆ ಇಲ್ಲದೆ ಆಡಿ. ಮದುವೆ ಇಲ್ಲದ ಸಂಬಂಧ ಅಲ್ಲಿ ಅಪರಾಧ. ಗರ್ಭ ನಿಂತರೆ ಸಿಕ್ಕಿಬೀಳುವವಳು ಹುಡುಗಿ. ಇನ್ನೊಂದು ಫೋನು. ಸಲ್ಮಾ ಅಲ್ ಶಿಹಾಬ್ ಇಂಗ್ಲೆಂಡಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸೌದಿ ಹೆಂಗಸು, ಎರಡು ಮಕ್ಕಳ ತಾಯಿ. ಜೈಲಿನಲ್ಲಿದ್ದ ಹೋರಾಟಗಾರ್ತಿಯರ ಪರವಾಗಿ ಟ್ವಿಟರ್‌ನಲ್ಲಿ ಬರೆದದ್ದಕ್ಕೆ 2022ರಲ್ಲಿ 34 ವರ್ಷ ಶಿಕ್ಷೆ ಕೊಟ್ಟರು. ಆಮೇಲೆ ಕಡಿಮೆ ಮಾಡಿ 2025ರಲ್ಲಿ ಬಿಟ್ಟರು. ಫಿಟ್‌ನೆಸ್ ತರಬೇತಿ ಕೊಡುತ್ತಿದ್ದ ಮನಾಹೆಲ್ ಅಲ್ ಒತೈಬಿಗೆ ಬಟ್ಟೆ ಮತ್ತು ವಲಿ ಪದ್ಧತಿ ಬಗ್ಗೆ ಹಾಕಿದ ಪೋಸ್ಟ್‌ಗಳಿಗೆ 11 ವರ್ಷ. ಹೊರದೇಶದವರಿಗೂ ಕಾನೂನು ಅದೇ. ರಾಜಮನೆತನ, ಧರ್ಮ, ಇವುಗಳ ಬಗ್ಗೆ ಬರೆಯುವುದು, ಬೇರೆಯವರು ಬರೆದದ್ದಕ್ಕೆ ಲೈಕ್ ಒತ್ತುವುದು ಎರಡೂ ಬೇಡ. ಊರಿನ ವಾಟ್ಸ್‌ಆ್ಯಪ್ ಗ್ರೂಪಿನ ಫಾರ್ವರ್ಡ್‌ಗಳಿಂದಲೂ ಹೊರಡುವ ಮುಂಚೆ ಹೊರಗೆ ಬರಲಿ.

ನನ್ನನ್ನು ಕೇಳಿದರೆ ಕಳಿಸಿ. ಹೋಗುತ್ತೇನೆ ಅಂತ ಅವಳು ಹೇಳುತ್ತಿದ್ದಾಳಾ? ಪತ್ರದಲ್ಲಿ ಭಾವ, ಅಣ್ಣನ ಮಗ ಇಬ್ಬರ ಮಾತೂ ಇದೆ, ಅವಳದ್ದು ಇಲ್ಲ. ಒಪ್ಪಂದದ ಅರಬಿ ಪ್ರತಿ ಬಂದ ಮೇಲೆ ಅವಳೇ ನನಗೆ ಕಳಿಸಲಿ. ಸಂಬಳ, ರಜೆ, ವಸತಿ, ನೋಟಿಸ್ ಅವಧಿ, ಈ ನಾಲ್ಕು ಇಂಗ್ಲಿಷ್ ಪ್ರತಿಯ ಜೊತೆ ತಾಳೆಯಾಗುತ್ತದಾ ನೋಡಿ ಹೇಳುತ್ತೇನೆ. ತಕರಾರು ಬಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಅರಬಿ ಪ್ರತಿ.